ಕಸವಿಲ್ಲದ ಹುಲ್ಲುಗಾವಲು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್‌ಗೆ ಒಂದು ವರ್ಷ ಮೊದಲಿನ ಮಾತು. ಕಮಲಾಪುರದ ಪುತಳಾಬಾಯಿ ಜಾಗೀರದಾರರ ಹುಲ್ಲುಗಾವಲು ಕಾಯುತ್ತಿದ್ದಳು. ಕೂಲಿಯ ಬದಲು ಅಲ್ಲಿ ತನ್ನ ಎಮ್ಮೆ ಮೇಯಿಸಿಕೊಳ್ಳಬಹುದಿತ್ತು. ಎದೆಹಾಲು ಬತ್ತಿದ್ದರಿಂದ ಅವಳ ಕೂಸು ಬದುಕಿದ್ದೇ ಆ ಎಮ್ಮೆಯ ಹಾಲಿನ ಮೇಲೆ.

ಬೇಸಿಗೆಯಲ್ಲಿ, ಆ ಹುಲ್ಲು ಹೋಗುತ್ತಿದ್ದ ಕಲಬುರಗಿಯ ಜಾಗೀರದಾರರ ಕುದುರೆ ಲಾಯದ ಮೇಲ್ವಿಚಾರಕ ದರೋಗಾ ಬಂದು, ಹುಲ್ಲಿನ ಹೊರೆಯಲ್ಲಿದ್ದ ಕಾಡು ಹೆಸರುಕಾಳಿನ ಬಳ್ಳಿಯನ್ನು ಅವಳ ಮುಖಕ್ಕೆ ಎಸೆದ. “ಕುದುರಿಗೆ ಕಸ ತಿನಸ್ತೀ ಏನು? ಹುಲ್ಲೊಂದು ಬಿಟ್ಟು ಎಲ್ಲಾ ಕೀಳು. ಆ ಮುಳ್ಳಕಂಟಿನೂ ಕೀಳು.”

“ಕಂಟ್ಯಾಗ ಗೌಜಲಹಕ್ಕಿ ಅವ ರೀ ಸಾಹೇಬ್ರ, ಮಿಡತಿ ತಿಂತಾವ. ಬಳ್ಳಿ ಇದ್ದಲ್ಲೇ ಹುಲ್ಲು ಹುಲುಸಾಗಿ ಬರ್ತದ.”

“ನೀ ಹಕ್ಕಿಗೋಳ ವಕೀಲ ಏನು?” ಅವನು ನಕ್ಕ. “ಕೀಳು, ಇಲ್ಲಾ ಎಮ್ಮಿ ಹೊಡಕೊಂಡು ನಡಿ.”

ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಎಲ್ಲವನ್ನೂ ಕಿತ್ತಳು. ಮಳೆಗೆ ಹುಲ್ಲು ಎದ್ದಿತು, ಮಿಡತೆಗಳೂ ಎದ್ದವು. ತಿನ್ನಲು ಹಕ್ಕಿಗಳೇ ಇರಲಿಲ್ಲ. ಎಂಟು ದಿನದಲ್ಲಿ ನೆಲ ಬೋಳಾಯಿತು.

“ಗೊತ್ತಿದ್ದೂ ಯಾಕ ಕಿತ್ತೀ?” ಎಂದ ದರೋಗಾ, ನಷ್ಟಕ್ಕೆಂದು ಎಮ್ಮೆಯನ್ನು ಬಿಚ್ಚಿಸಿಕೊಂಡು ಹೋದ.

ಅವಳು ಕೂಸಿಗೆ ಗಂಜಿಯ ತಿಳಿ ಕುಡಿಸಿ ನೋಡಿದಳು. ಮಹಾನವಮಿಗೆ ಮೊದಲೇ ಕೂಸು ತೀರಿಕೊಂಡಿತು. ನರಿಗಳು ಕೆದರದಂತೆ ಹೂಳಿದ ಮಣ್ಣಿನ ಮೇಲೆ ಮುಳ್ಳು ಹೇರಬೇಕಿತ್ತು. ಅವಳು ಹುಲ್ಲುಗಾವಲೆಲ್ಲ ಹುಡುಕಿದಳು. ಒಂದು ಕಂಟಿಯನ್ನೂ ಅವಳ ಕೈ ಉಳಿಸಿರಲಿಲ್ಲ.