ನೀರು ಬಿದ್ದ ಗೇರ್ ಎಣ್ಣೆ

ಮದುವೆಯಾಗಿ ಕೆ.ಆರ್. ನಗರದ ಪಕ್ಕದ ಹಳ್ಳಿಗೆ ನಾನು ಬಂದಾಗ, ನಮ್ಮ ಮಾವನವರು ಟ್ರ್ಯಾಕ್ಟರ್ ಕೊಂಡು ಐದು ವರ್ಷವಾಗಿತ್ತು. ಅವರ ಹೊರತು ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಇಂಜಿನ್ ಎಣ್ಣೆಯನ್ನು ತಪ್ಪದೆ ಬದಲಿಸುತ್ತಿದ್ದ ಮಹಾರಾಯರು ಗೇರ್ ಬಾಕ್ಸಿನ ಎಣ್ಣೆಗೆ ಮಾತ್ರ ಕೈ ಹಾಕಿರಲೇ ಇಲ್ಲ.

ಟ್ರ್ಯಾಕ್ಟರ್ ಜೊತೆ ಬಂದಿದ್ದ ಪುಸ್ತಕ ದೇವರ ಗೂಡಿನಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಅಚ್ಚಾದ ಕಾಗದ ಕಂಡರೆ ಓದದೆ ಬಿಡುವವಳಲ್ಲ ನಾನು. ಇಷ್ಟು ಗಂಟೆ ದುಡಿದ ಮೇಲೆ ಗೇರ್ ಎಣ್ಣೆ ಬದಲಿಸಬೇಕು ಎಂದಿತ್ತು. ಆ ಗಡುವು ಎಂದೋ ದಾಟಿತ್ತು. ಮಾವನಿಗೆ ಹೇಳಿದೆ.

"ಎಣ್ಣೆ ಮಾರಾಕೆ ಅಂಗೆ ಬರೀತಾರೆ ಕಣವ್ವ. ಗೇರ್ ಎಣ್ಣೆ ಉಪ್ಪಿನಕಾಯಿ ಇದ್ದಂಗೆ. ಜಾಡಿ ಮುಚ್ಚಿಟ್ರೆ ಎಷ್ಟು ವರ್ಷ ಆದ್ರೂ ಕೆಡಾಕಿಲ್ಲ."

ಹೊಸ ಸೊಸೆ, ಪುಸ್ತಕವನ್ನು ಮತ್ತೆ ದೇವರ ಗೂಡಿನಲ್ಲೇ ಇಟ್ಟೆ. ಸಿಟ್ಟು ಬಂದಿದ್ದು ಬೇರೆ ಮಾತು.

ಆ ಸಲ ನಾಲೆಗೆ ನೀರು ಬಂತು. ನಾಟಿಗೆ ಆಳುಗಳನ್ನು ಗೊತ್ತು ಮಾಡಿಯಾಯಿತು. ನಾಲ್ಕು ದಿನದಲ್ಲಿ ಗದ್ದೆ ಕೆಸರಾಗಿ ಹದಕ್ಕೆ ಬರಬೇಕು, ಇಲ್ಲವಾದರೆ ಆಳುಗಳು ಬೇರೆಯವರ ಪಾಲು. ಎರಡು ದಿನ ಕೆಸರಿನಲ್ಲಿ ಹೊರಳಾಡಿದ ಟ್ರ್ಯಾಕ್ಟರ್ ಮೂರನೆಯ ದಿನ ಬೆಳಗ್ಗೆ ಗೊರ್ರೆನ್ನತೊಡಗಿತು. ನೇಗಿಲು ಎತ್ತುವ ಹಿಂದಿನ ಲಿಫ್ಟ್ ಏಳಲೇ ಇಲ್ಲ. ಮಾವ ಅದನ್ನು ಹೇಗೋ ಅಂಗಳಕ್ಕೆ ತಂದು ನಿಲ್ಲಿಸಿ, ತಲೆಯ ಟವೆಲ್ ಬಿಚ್ಚಿ ಜಗುಲಿಯ ಮೇಲೆ ಕುಳಿತರು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಆಮೇಲೆ ಎದ್ದು, ಗೇರ್ ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದರು. ಅದಕ್ಕೆ ಹತ್ತಿದ್ದು ಹಾಲು ಬೆರೆತ ಕಾಫಿಯ ಬಣ್ಣ. ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ; ಅದರೊಳಗೆ ಗದ್ದೆಯ ನೀರು ಸೇರಿತ್ತು.

"ಇನ್ನೆರಡು ದಿನ ಓಡ್ತದೆ ಬುಡು, ಉಳುಮೆ ಮುಗೀಲಿ" ಎಂದರು, ಆಗಲೂ.

ಮೊರದಲ್ಲಿ ಅಕ್ಕಿ ಕೇರುತ್ತಿದ್ದ ನಮ್ಮತ್ತೆ ತಲೆ ಎತ್ತಲಿಲ್ಲ. "ನೀರು ಬಿದ್ದ ಉಪ್ಪಿನಕಾಯಿನ ಎರಡು ದಿನ ಇಟ್ಕಂಡು ತಿಂತೀರಾ? ಜಾಡಿ ತೊಳೀರಿ ಮೊದ್ಲು."

ಮಾವ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ನಕ್ಕುಬಿಟ್ಟರು. ಪೇಟೆಗೆ ಹೋಗಿ ಎಣ್ಣೆಯ ಕ್ಯಾನು ತಂದರು. ಹಳೆಯದನ್ನು ಪೂರ್ತಿ ಬಸಿದು ಹೊಸದನ್ನು ಹೊಯ್ದರು. ಎಷ್ಟು ಲೀಟರ್ ಎಂದು ಕುಂಕುಮದ ಪುಸ್ತಕ ಹಿಡಿದು ನಾನು ಓದಿ ಹೇಳಿದೆ. ಮರುದಿನ ಲಿಫ್ಟ್ ಎದ್ದಿತು, ನಾಟಿಯೂ ಗೊತ್ತು ಮಾಡಿದ್ದ ದಿನವೇ ಶುರುವಾಯಿತು.

ಮುಂದಿನ ವರ್ಷ ನಾಲೆಗೆ ನೀರು ಬಂದ ದಿನ ಪಾತ್ರೆ ತೊಳೆಯುತ್ತಿದ್ದೆ. ಮಾವ ಅಂಗಳದಿಂದ ಕರೆದರು. ಹೋದರೆ, ಕಡ್ಡಿಯನ್ನು ಒರೆಸಿ ನನ್ನ ಮುಂದೆ ಹಿಡಿದರು.

"ಅದ್ದಿ ನೋಡವ್ವ, ಎಣ್ಣೆ ಎಂಗದೆ ಅಂತ. ಕೈ ಒದ್ದೆ ಇಲ್ಲ ತಾನೆ?"

ಸೆರಗಿಗೆ ಚೆನ್ನಾಗಿ ಕೈ ಒರೆಸಿಕೊಂಡು, ಆ ಟ್ರ್ಯಾಕ್ಟರನ್ನು ಮೊದಲ ಸಲ ಮುಟ್ಟಿದೆ.