ಇನ್ನೂರಾ ಹನ್ನೊಂದನೆಯ ಪ್ರಶ್ನೆ

ಇವರು ವಿಧಾನಸಭೆಗೆ ಆರಿಸಿ ಹೋಗಿ ವರ್ಷವಾಗುತ್ತ ಬಂದರೂ ಅಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಇವರು ಅಂದರೆ ನನ್ನ ಗಂಡ. ಆಗಲೂ ಹೆಸರು ಹಿಡಿದು ಕರೆದವಳಲ್ಲ, ಈಗ ಬರೆಯುವುದಕ್ಕೆ ಕೈ ಹೇಗೆ ಬಂದೀತು? ಹುನಗುಂದ ಮತ್ತು ಇಳಕಲ್ಲಿನ ನಡುವಿನ ನಮ್ಮ ಊರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ಅದನ್ನು ಬಿಟ್ಟು ಚುನಾವಣೆಗೆ ನಿಂತವರು. ಕಟ್ಟೆಯ ಮೇಲೆ ಕೂತರೆ ಹೊತ್ತು ಮುಳುಗುವ ತನಕ ಮಾತಾಡುತ್ತಿದ್ದರು. ಬೆಂಗಳೂರಿನ ಆ ಹೊಸ ಕಲ್ಲಿನ ಕಟ್ಟಡದೊಳಗೆ ಮಾತ್ರ, ಮನೆಯಲ್ಲಿ ಹುಲಿ ಬೀದಿಯಲ್ಲಿ ಇಲಿ ಅಂತಾರಲ್ಲ, ಹಾಗೆ. ಏಕೀಕರಣವಾದದ್ದು ಇನ್ನೂ ಹೊಸತು. ಮುಂಬೈ ಕಡೆಗೆ ಮುಖ ಮಾಡಿ ಕೂತಿದ್ದ ನಾವು ಒಮ್ಮೆಲೆ ಬೆಂಗಳೂರಿನ ಕಡೆಗೆ ತಿರುಗಿ ಕೂತಿದ್ದೆವು. ಅಲ್ಲಿಯವರ ಕನ್ನಡ ಕಿವಿಗೆ ಬಿದ್ದರೆ ಸಾಕು, ತಮ್ಮ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ ಎಂದು ಒಮ್ಮೆ ನನ್ನ ಮುಂದೆ ಒಪ್ಪಿಕೊಂಡಿದ್ದರು.

ನಮ್ಮ ಅತ್ತೆಗೆ ಈ ಸಂಕಟವೆಲ್ಲ ತಿಳಿಯದು. ಆಕೆಗೆ ಬೇಕಾದದ್ದು ಒಂದೇ.

ನಾನು ಆ ಮನೆಗೆ ಸೊಸೆಯಾಗಿ ಬರುವ ಮೊದಲು ಆಕೆಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ಬೇನೆ ಹತ್ತಿತು, ಕೂಸು ಅಡ್ಡ ತಿರುಗಿತು. ನಮ್ಮ ಊರ ದವಾಖಾನೆಯಲ್ಲಿ ಹೆರಿಗೆ ಮಾಡಿಸುವವರು ಇರಲಿಲ್ಲ. ಬಂಡಿ ಕಟ್ಟಿಕೊಂಡು ಬಾಗಲಕೋಟೆಗೆ ಹೊರಟರೆ ದಾರಿಯಲ್ಲಿ ಹಳ್ಳ ತುಂಬಿ ಬಂದಿತ್ತು. ನೀರು ಇಳಿಯಲಿ ಎಂದು ದಂಡೆಯ ಬೇವಿನ ಗಿಡದ ಕೆಳಗೆ ಬಂಡಿ ನಿಲ್ಲಿಸಿದರು. ನೀರು ಇಳಿಯುವ ಹೊತ್ತಿಗೆ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ಇವರು ಆಗ ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿಯಲ್ಲಿದ್ದರು. ತಂಗಿಯ ಮುಖ ನೋಡಲು ಸಿಗಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿದಾಗ ಮಾತ್ರ ಅತ್ತೆ ನನ್ನ ಕೈ ಹಿಡಿದು ಹೇಳಿದ್ದರು. ಬಂಡಿಯಲ್ಲಿ ಮಗಳು ಕೊನೆಗೆ ಆಡಿದ ಮಾತು, "ಯವ್ವಾ, ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ, ಉಕ್ಕತೈತಿ." ಅಷ್ಟು ಹೇಳಿ ಅತ್ತೆ ಅರಿವೆ ತಗೊಂಡು ಒಲೆ ಒರೆಸಿದರು.

ಮಗ ಆರಿಸಿ ಬಂದ ದಿನವೇ ಆಕೆ ಹಟ ಹಿಡಿದರು.

"ನನ್ನ ಮಗಳ ಸುದ್ದಿ ಆ ದೊಡ್ಡ ಮನ್ಯಾಗ ಎದ್ದ ನಿಂತ ಹೇಳಬೇಕ ನೋಡು. ನಾ ಬಂದು ಕಿವಿಯಾರೆ ಕೇಳಬೇಕು."

"ಹೇಳ್ತೇನಿ ಬೇ ಯವ್ವಾ" ಎಂದರು ಇವರು. ಎಷ್ಟೋ ತಿಂಗಳ ಮೇಲೆ ಒಂದು ಪ್ರಶ್ನೆ ಬರೆದು ಕಳಿಸಿದರು. ಅದಕ್ಕೆ ನಂಬರು ಬಿತ್ತು, ಉತ್ತರಕ್ಕೆ ದಿನ ಗೊತ್ತಾಯಿತು. ನಾವಿಬ್ಬರೂ ಇವರ ಜೊತೆ ರೊಟ್ಟಿ ಗಂಟು ಕಟ್ಟಿಕೊಂಡು ಬಾಗಲಕೋಟೆಯಲ್ಲಿ ರೈಲು ಹತ್ತಿದೆವು. ಬಾದಾಮಿ ದಾಟುವಾಗ ಇಳಿಬಿಸಿಲು ಗುಡ್ಡದ ಕೆಂಪು ಕಲ್ಲಿಗೆ ಹತ್ತಿಕೊಂಡಿತ್ತು. ಅತ್ತೆ ಬನಶಂಕರಿ ಇರುವ ದಿಕ್ಕಿಗೆ ಕೈ ಮುಗಿದು ಏನೋ ಬೇಡಿಕೊಂಡರು. ಇವರು ಎದುರಿಗೆ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಮಾತು ರೂಢಿ ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ಹಿಗ್ಗಾಯಿತು.

ಮರುದಿನವೆಲ್ಲ ದಣಿವಾರಿಸಿಕೊಂಡು ಅದರ ಮರುದಿನ ಸಭೆಗೆ ಹೋದೆವು. ಆ ದಿನದಲ್ಲಿ ನಾನು ನಿಜವಾಗಿ ಕಂಡದ್ದೆಷ್ಟು, ಆಮೇಲೆ ನನ್ನೊಳಗೆ ಬೆಳೆದದ್ದೆಷ್ಟು, ಈಗ ಬೇರೆ ಮಾಡಲಾರೆ. ಬಾಗಿಲಲ್ಲಿ ಅತ್ತೆಯ ಎಲೆ ಅಡಿಕೆಯ ಸಂಚಿ ಇಸಿದುಕೊಂಡರು. ಮೇಲಿನ ಗ್ಯಾಲರಿಯ ಕುರ್ಚಿಗಳು ಎಷ್ಟು ಮೆತ್ತಗಿದ್ದವೆಂದರೆ ಕೂತರೆ ಇನ್ನೂ ಕೆಳಗೆ ಇಳಿಯುತ್ತಲೇ ಇದ್ದೇನೆ ಅನ್ನಿಸುತ್ತಿತ್ತು. ಗಂಟೆ ಹೊಡೆಯಿತು. ಸಭಾಧ್ಯಕ್ಷರು ಒಳಗೆ ಬಂದಾಗ ಎಲ್ಲರೂ ಎದ್ದರು. ಯಾರೋ ಸ್ವಾಮಿಗಳು ಬಂದರೆಂದು ಅತ್ತೆಯೂ ಎದ್ದು ಕೈ ಮುಗಿದರು. ಅವರು ಕೂತರೂ ಈಕೆ ಕೂಡಲಿಲ್ಲ. ಇಳಕಲ್ ಸೀರೆಯ ಸೆರಗು ಹಿಡಿದು ಎಳೆದು ಕೂಡಿಸಿದೆ.

ಮೊದಲು ಪ್ರಶ್ನೆಗಳ ಹೊತ್ತು. ಕೆಳಗಿದ್ದವರು ಒಬ್ಬೊಬ್ಬರಾಗಿ ಎದ್ದು ಒಂದು ಅಂಕಿ ಹೇಳಿ ಕೂಡುತ್ತಿದ್ದರು. ಮಂತ್ರಿಗಳು ಕಾಗದ ನೋಡಿ ಏನೋ ಓದುತ್ತಿದ್ದರು. ನನಗೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ಸಭಾಧ್ಯಕ್ಷರು ಇವರ ಹೆಸರು ಕರೆದರು. ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. ಇವರು ಎದ್ದರು, ಟೋಪಿ ಸರಿಮಾಡಿಕೊಂಡರು.

"ಇನ್ನೂರಾ ಹನ್ನೊಂದು" ಎಂದರು. ಕೂತರು.

ಅಲ್ಲಿಯ ಪದ್ಧತಿಯೇ ಹಾಗೆ ಎಂದು ಆಮೇಲೆ ತಿಳಿಯಿತು. ಪ್ರಶ್ನೆ ಮೊದಲೇ ಅಚ್ಚಾಗಿ ಎಲ್ಲರ ಕೈಯಲ್ಲಿರುತ್ತದೆ, ಕೇಳುವವರು ನಂಬರು ಹೇಳಿದರೆ ಸಾಕು. ನಮ್ಮ ಊರ ದವಾಖಾನೆಗೆ ಹೆರಿಗೆ ನರ್ಸಿನ ಹುದ್ದೆ ಹಳೆಯ ರಾಜ್ಯದ ಕಾಲದಲ್ಲೇ ಮಂಜೂರಾಗಿದೆಯೇ, ಅದು ಭರ್ತಿಯಾಗಿದೆಯೇ, ಇಲ್ಲದಿದ್ದರೆ ಯಾವಾಗ ಆದೀತು ಎಂದು ಮೂರು ಭಾಗ ಮಾಡಿ ಇವರು ಕೇಳಿದ್ದರು. ಮಂತ್ರಿಗಳು ಓದಿದರು. "ಅ, ಹೌದು. ಆ, ಇಲ್ಲ. ಇ, ಪರಿಶೀಲನೆಯಲ್ಲಿದೆ."

ಇಷ್ಟಾದ ಮೇಲೆ ಸದಸ್ಯರು ಎದ್ದು ಉಪಪ್ರಶ್ನೆ ಕೇಳಬಹುದು. ಹೇಳುವುದು ಏನಿದ್ದರೂ ಅಲ್ಲೇ. ಸಭಾಧ್ಯಕ್ಷರು ಇವರ ಕಡೆ ನೋಡಿ ತುಸು ತಡೆದರು. ಇವರು ಅರ್ಧ ಎದ್ದರು. ನಮ್ಮ ಗ್ಯಾಲರಿಯ ಕಡೆ ಕತ್ತೆತ್ತಿ ನೋಡಿದರು. ಮತ್ತೆ ಕೂತುಬಿಟ್ಟರು. ಸಭೆ ಮುಂದಿನ ನಂಬರಿಗೆ ಹೋಯಿತು. ನನಗೆ ಎಂಥ ಸಿಟ್ಟು ಬಂತೆಂದರೆ, ಮೇಲಿನಿಂದ ಆ ಟೋಪಿಯ ಮೇಲೆ ಏನಾದರೂ ಒಗೆಯಬೇಕೆನ್ನಿಸಿತು.

"ಆಯ್ತೇನ?" ಎಂದರು ಅತ್ತೆ.

"ಆಯ್ತ್ರಿ."

"ನನ್ನ ಮಗಳ ಸುದ್ದಿ ಯಾವಾಗ ಹೇಳಿದಾ?"

ಕೆಳಗೆ ನಡುವಿನ ಮೇಜಿಗೆ ಕೂತ ವರದಿಗಾರರು ತಲೆ ಎತ್ತದೆ ಬರೆಯುತ್ತಿದ್ದರು. ಅವರನ್ನು ನೋಡಿಯೇ ನನ್ನ ಬಾಯಲ್ಲಿ ಸುಳ್ಳು ಬಂತು.

"ಹೇಳಿದ್ರಲ್ರಿ ಅತ್ತಿ. ಕೆಳಗ ಮೆಲ್ಲಕ ಮಾತಾಡ್ತಾರ, ಮ್ಯಾಲ ನಮಗ ಕೇಳಸೂದಿಲ್ಲ. ಅಲ್ಲೆ ಕುಂತವರು ಎಲ್ಲಾ ಬರಕೊಂಡಾರ. ಪುಸ್ತಕ ಆಗಿ ಮನೀಗೆ ಬರ್ತೈತಿ."

"ಹಂಗಾರ ಬಂದ ಮ್ಯಾಲ ನೀ ಓದಿ ಹೇಳು" ಎಂದು ಅತ್ತೆ ಮೊಣಕೈ ಬಿಟ್ಟರು.

ಆಮೇಲಿನದೆಲ್ಲ ನನಗೆ ನೀರೊಳಗೆ ಕಂಡಂತೆ ನೆನಪು. ಯಾವುದೋ ಮಸೂದೆ ಹಿಡಿದು ಒಂದೊಂದೇ ಕಲಮು ಓದುತ್ತಿದ್ದರು. ಹೌದೆನ್ನುವವರು ಹೌದೆನ್ನಿ, ಇಲ್ಲವೆನ್ನುವವರು ಇಲ್ಲವೆನ್ನಿ. ಹೌದು, ಹೌದು, ಎನ್ನುವ ದನಿ ಒಂದು ಬದಿಯಿಂದ ಎದ್ದು ಫ್ಯಾನಿನ ಗಾಳಿಯಲ್ಲಿ ಸುತ್ತಿ ಎಲ್ಲೋ ಹೋಗಿಬಿಡುತ್ತಿತ್ತು. ಎತ್ತರದ ಕಿಟಕಿಯ ಬಿಸಿಲು ಮೇಜಿನಿಂದ ಮೇಜಿಗೆ ಸರಿಯುತ್ತಿತ್ತು. ನನ್ನ ಕಣ್ಣು ಎಳೆಯುತ್ತ ಬಂದಾಗ, ನಾನು ಎಂದೂ ನೋಡಿರದ ನನ್ನ ನಾದಿನಿ ನಮ್ಮ ಪಕ್ಕದ ಖಾಲಿ ಕುರ್ಚಿಯಲ್ಲಿ ಬಸುರು ಹೊತ್ತು ಕೂತಿದ್ದಾಳೆ, ತನ್ನ ನಂಬರು ಯಾವಾಗ ಬರುತ್ತದೆಂದು ಕೇಳುತ್ತಿದ್ದಾಳೆ ಅನ್ನಿಸಿತು. ಬೆಚ್ಚಿ ನೋಡಿದರೆ ಅತ್ತೆಯೂ ನಿದ್ದೆಗೆ ಜಾರಿದ್ದರು. ಕಾವಲಿನವನು ಬಂದು ಮೆಲ್ಲಗೆ ಹೇಳಿದ.

"ಅಮ್ಮಾ, ಇಲ್ಲಿ ನಿದ್ದೆ ಮಾಡಬಾರದು."

ಅತ್ತೆ ಕೆಳಗೆ ಕುರ್ಚಿಗೆ ತಲೆ ಆನಿಸಿ ಮಲಗಿದ್ದ ಒಬ್ಬರನ್ನು ಕೈಮಾಡಿ ತೋರಿಸಿದರು. "ಆ ಯಪ್ಪನ್ನ ಯಾಕ ಎಬ್ಬಸವಲ್ಲಿ?"

"ಅವರು ಸದಸ್ಯರು, ಅಮ್ಮಾ" ಎಂದು ಅವನು ಹೋದ.

ಊರಿಗೆ ಬಂದ ಮೇಲೆ ನಾನು ಇವರ ಸಂಗಡ ಎಂಟು ದಿನ ಸರಿಯಾಗಿ ಮಾತಾಡಲಿಲ್ಲ. ಮಳೆಗಾಲದ ಹೊತ್ತಿಗೆ ಅಂಚೆಯಲ್ಲಿ ಪುಸ್ತಕ ಬಂತು. ನಮ್ಮ ಪ್ರಶ್ನೆ ಅರ್ಧ ಪುಟದಲ್ಲಿ ಮುಗಿದಿತ್ತು. ಅ, ಆ, ಇ. ಅತ್ತೆ ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಗೋಡೆಗೆ ಆತು ಕೂತರು. ನಾನು ಆ ಪುಟ ತೆರೆದು ಹಿಡಿದು ಓದತೊಡಗಿದೆ. ಪುಸ್ತಕದ್ದಲ್ಲ, ನನ್ನದು. ಬಂಡಿ ಬಂತು, ಹಳ್ಳ ಬಂತು, ಬೇವಿನ ಗಿಡ ಬಂತು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮುಂದಿನ ಸೋಮವಾರ ಮತ್ತೆ ಓದೆಂದರು. ಓದುತ್ತ ಓದುತ್ತ ಭಾಷಣ ಬೆಳೆಯಿತು, ತೆರೆದ ಪುಟ ಮಾತ್ರ ಅದೇ. ಒಂದು ಸೋಮವಾರ ಹಾಲಿನ ಮಾತೂ ಬಂತು. ಇನ್ನೊಂದು ಸೋಮವಾರ ಮಂತ್ರಿಗಳು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಭಾಷಣ ಮಾಡಿಸಿದ್ದೆ, ಅಷ್ಟೆ.

ಹೀಗೊಂದು ಮಧ್ಯಾಹ್ನ ಓದಿ ಮುಗಿಸಿ ತಲೆಯೆತ್ತಿದರೆ ಒಳಮನೆಯ ಬಾಗಿಲಲ್ಲಿ ಇವರು ನಿಂತಿದ್ದರು. ಪುಸ್ತಕ ಮುಚ್ಚಿದೆ. ಊಟಕ್ಕೆ ಕೂತರು. ಎರಡನೆಯ ರೊಟ್ಟಿ ಹಾಕುವಾಗ ಕೇಳಿದರು.

"ಆ ಹಾಲಿನ ಮಾತು ನಿನಗ ಯಾರ ಹೇಳಿದ್ರು?"

"ಅತ್ತಿ ಹೇಳಿದ್ರು."

"ನನಗ ಹೇಳಿಲ್ಲ."

"ನೀವ ಕೇಳಿದ್ರೇನು?" ಎಂದುಬಿಟ್ಟೆ.

ರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ. ಗಂಡಸು ಉಣ್ಣುವ ತಾಟಿನ ಮುಂದೆ ಅಳುವುದನ್ನು ನಾನು ಮೊದಲು ನೋಡಿದ್ದು ಆಗ. ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಮುಖ ಒರೆಸಿಕೊಂಡು ಅವರೇ ಹೇಳಿದರು. "ಬರೂ ಸೋಮವಾರ ಮತ್ತ ಓದು. ಸಾವಕಾಶ ಓದು."

ಸೋಮವಾರ ಸಾವಕಾಶ ಓದಿದೆ. ಬಾಗಿಲ ಮರೆಯಲ್ಲಿ ಪೆನ್ಸಿಲ್ಲು ಕಾಗದದ ಮೇಲೆ ಸರಿಯುವ ಸಪ್ಪಳ ನನಗೆ ಕೇಳುತ್ತಿತ್ತು. ಅತ್ತೆಗೆ ಈಚೆಗೆ ಕಿವಿ ತುಸು ಮಂದ, ಕೇಳಿರಲಾರದು ಎಂದುಕೊಂಡೆ.

ಮುಂದಿನ ಬಜೆಟ್ಟಿನ ಅಧಿವೇಶನದಲ್ಲಿ ದವಾಖಾನೆಗಳ ಖರ್ಚಿನ ಬೇಡಿಕೆ ಚರ್ಚೆಗೆ ಬಂದಾಗ ಇವರು ಎದ್ದು ನಿಂತು ಮಾತಾಡಿದರಂತೆ. ನಾವಾರೂ ಅಲ್ಲಿರಲಿಲ್ಲ. ಹೇಗಾಯಿತೆಂದು ಕೇಳಿದರೆ "ನಮ್ಮ ಮಾತಿನ್ಯಾಗಽ ಹೇಳಿದೆ" ಎಂದರು, ಅಷ್ಟೇ. ವರ್ಷ ತುಂಬುವುದರೊಳಗೆ ಊರಿಗೆ ನರ್ಸಬಾಯಿ ಬಂದಳು. ಆ ಭಾಷಣದಿಂದ ಬಂದಳೋ, ಕಡತ ತಾನಾಗಿಯೇ ನಡೆದು ತಲುಪಿತೋ ನಾನು ಹೇಳಲಾರೆ.

ಆ ಭಾಷಣದ ಪುಸ್ತಕವೂ ಬಂತು. ಅತ್ತೆ ಎಂದಿನಂತೆ ಗೋಡೆಗೆ ಆತು ಕೂತರು. ಇವರು ಹೊಸ್ತಿಲ ಮೇಲೆ ನೆಲ ನೋಡುತ್ತ ಕೂತಿದ್ದರು. ನಾನು ಓದಿದೆ. ಮಂತ್ರಿಗಳ ಕರವಸ್ತ್ರ ಅದರಲ್ಲಿ ಇರಲಿಲ್ಲ, ನಡುವೆ ಒಂದು ಕಡೆ ಯಾರೋ ಮಾತು ತಡೆದದ್ದಕ್ಕೆ 'ಅಡ್ಡಿ' ಎಂದು ಕಂಸದಲ್ಲಿ ಇತ್ತು. ಉಳಿದದ್ದೆಲ್ಲ ಇತ್ತು. ಬಂಡಿ, ಹಳ್ಳ, ಬೇವಿನ ಗಿಡ. ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ ಎಂಬಲ್ಲಿಗೆ ಪುಟ ಮುಗಿದು, ಉಕ್ಕತೈತಿ ಎನ್ನುವುದು ಮುಂದಿನ ಪುಟಕ್ಕೆ ಹೋಗಿತ್ತು. ಬೆರಳಿಗೆ ಉಗುಳು ಹಚ್ಚಿ ತಿರುವಿ ಓದಿದೆ.

ಓದು ಮುಗಿಯಿತು. ಅತ್ತೆ ಕಣ್ಣು ತೆರೆದು ಪುಸ್ತಕದ ಮೇಲೆ ಕೈ ಇಟ್ಟರು.

"ಈ ಸಲ ಹಾಳಿ ತಿರುವಿದಿ ನೋಡು" ಎಂದರು.

ಮುಂದಿನ ಸೋಮವಾರ ಓದೆಂದು ಕೇಳಲಿಲ್ಲ.