ರಿಮ್ಮಿಗೆ ಸವರಿದ ಎಣ್ಣೆ

ಎರಡೂ ಬ್ರೇಕುಗಳನ್ನು ಬಿಗಿಯಾಗಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಹುಲೇಕಲ್ ರಸ್ತೆಯ ಇಳಿಜಾರು ಅದು. ಮುಂದಿನ ಬಾರಿನ ಮೇಲೆ ಏಳು ವರ್ಷದ ತಂಗಿ ಕುಳಿತಿದ್ದಳು. ಕೆಳಗಿನ ತಿರುವಿನಿಂದ ಬಸ್ಸಿನ ಹಾರ್ನ್ ಕೇಳಿಸಿತು.

ಗೇರಿಲ್ಲದ, ದಪ್ಪ ಟೈರಿನ ಅಂಥ ಸೈಕಲ್ ತೊಂಬತ್ತರ ದಶಕದ ನಮ್ಮೂರಿನಲ್ಲಿ ನನ್ನದೊಂದೇ ಇತ್ತು. ತುಕ್ಕು ಹಿಡಿಯದಿರಲೆಂದು ಹಿಂದಿನ ದಿನವಷ್ಟೇ, ಮನೆಯಲ್ಲಿ ಕತ್ತಿಗೆ ಸವರುವಂತೆ, ಚೈನಿನಿಂದ ಹಿಡಿದು ರಿಮ್ಮಿನವರೆಗೆ ಕೊಬ್ಬರಿ ಎಣ್ಣೆ ಸವರಿದ್ದೆ. ಬ್ರೇಕಿನ ರಬ್ಬರು ಹಿಡಿಯಬೇಕಾದದ್ದು ಆ ರಿಮ್ಮನ್ನೇ ಎಂಬುದು ತಲೆಗೆ ಹೊಳೆದಿರಲಿಲ್ಲ.

ರಸ್ತೆಯಂಚಿನಲ್ಲಿ ಒಬ್ಬ ಹೆಂಗಸು ದರಕು ಗುಡಿಸಿ ರಾಶಿ ಹಾಕಿದ್ದರು. ಹ್ಯಾಂಡಲನ್ನು ಅತ್ತ ತಿರುಗಿಸಿಬಿಟ್ಟೆ. ಆ ಒಣ ಎಲೆಗಳ ರಾಶಿಯೊಳಗೆ ಇಬ್ಬರೂ ಹೂತುಹೋದೆವು. ಬಸ್ಸು ಪಕ್ಕದಲ್ಲೇ ಹಾದುಹೋಯಿತು.

ಆ ಹೆಂಗಸು ಬೈಯಲಿಲ್ಲ. ರಿಮ್ಮನ್ನು ಬೆರಳಿನಿಂದ ಮುಟ್ಟಿ ಮೂಸಿ ನೋಡಿ, "ಇದಕ್ಕೆ ಯಾರು ತಮಾ ಎಣ್ಣೆ ಹಚ್ಚಿದ್ದು?" ಎಂದರು. ನಾನು ಸೈಕಲ್ ಎತ್ತಿ ನಿಲ್ಲಿಸಿದೆ. ಅವರೇ ಹಿಡಿ ಮಣ್ಣು ತೆಗೆದುಕೊಂಡು, ಪಾತ್ರೆ ತಿಕ್ಕುವ ಹಾಗೆ ಎರಡೂ ರಿಮ್ಮುಗಳನ್ನು ತಿಕ್ಕಿಕೊಟ್ಟರು. ತಂಗಿ ತಲೆಯ ಮೇಲಿನ ಎಲೆ ಕೊಡವುತ್ತ, "ಅಣ್ಣಾ, ಇನ್ನೊಂದ್ಸಲ ಹೋಪನ" ಎಂದಳು.

ಅಂದು ಸೈಕಲ್ ತಳ್ಳಿಕೊಂಡೇ ಮನೆಗೆ ಹೋದೆ. ಈಗ ತಂಗಿಯ ಮಗ ಸೈಕಲ್ ಕಲಿಯುತ್ತಿದ್ದಾನೆ. ಮಾವ ಬೇಕೆಂದೇ ದರಕಿನ ರಾಶಿಗೆ ಹಾರಿಸಿದ್ದ ಎಂದು ಅವಳು ಅವನಿಗೆ ನಗುತ್ತ ಹೇಳುವಾಗಲೆಲ್ಲ, ನಾನು ಎದ್ದು ಹೋಗಿ ಅವನ ಸೈಕಲ್ಲಿನ ಬ್ರೇಕನ್ನು ಇನ್ನೊಮ್ಮೆ ಹಿಡಿದು ನೋಡುತ್ತೇನೆ.